ಮೂವತ್ತೆರಡನೇ ನಂಬರಿನ ಫಿಯಾಟ್ ಓಡಿಸಿದವರು

ಬೈಲಹೊಂಗಲ
೧೨ ಜನವರಿ ೨೦೨೪

ಶೆಟ್ಟೆವ್ವನವರಿಗೆ ಮಧು ಮಾಡುವ ನಮಸ್ಕಾರಗಳು.

ನನ್ನನ್ನು ನೀವು ನೋಡಿಲ್ಲ. ಹತ್ತಿ ಗಿರಣಿಯ ನಿಜಗುಣಪ್ಪನವರ ಮೊಮ್ಮಗ ನಾನು. ನಿಮ್ಮ ಯಜಮಾನರು ಭರಮಪ್ಪನವರು ನಮ್ಮ ಅಜ್ಜಾರ ಹತ್ತಿರ ಡ್ರೈವರ್ ಆಗಿದ್ದರೆಂದು ಮನೆಯಲ್ಲಿ ಕೇಳಿದ್ದೇನೆ. ಸಂಪಗಾಂವದ ನಿಮ್ಮ ಹಳೆಯ ಓಣಿಯಲ್ಲಿ ವಿಚಾರಿಸಿದಾಗ ರಾಮದುರ್ಗದ ಈ ವಿಳಾಸ ಸಿಕ್ಕಿತು.

ಅಜ್ಜಾರು ತೀರಿಕೊಂಡು ನಾಲ್ಕು ವರ್ಷವಾಯಿತು. ಅವರ ಕಪಾಟು ಖಾಲಿ ಮಾಡುವಾಗ ಹನ್ನೊಂದು ಫೋಟೋ ಸಿಕ್ಕವು. ಎಲ್ಲವೂ ಎಪ್ಪತ್ತರ ದಶಕದ ಕಾರ್ ರೇಸಿನವು. ಅಜ್ಜಾರಿಗೆ ರೇಸಿನ ಹುಚ್ಚಿತ್ತು ಎನ್ನುವುದಕ್ಕೆ ನಮ್ಮ ಪಡಸಾಲೆಯಲ್ಲಿ ಎರಡು ಬೆಳ್ಳಿ ಕಪ್ಪುಗಳಿದ್ದವು, ಅಷ್ಟೇ. ಈಗ ಈ ಫೋಟೋಗಳನ್ನು ನೋಡಿದರೆ ಮೈ ಜುಮ್ಮೆನ್ನುತ್ತದೆ. ಅಂಬಾಸಿಡರ್, ಹೆರಾಲ್ಡ್, ಮಂದಿ ಡುಕ್ಕರ್ ಎಂದು ಕರೆಯುತ್ತಿದ್ದ ಹಂದಿಮೂತಿಯ ಫಿಯಾಟ್, ಎಲ್ಲ ಮನೆಮುಂದೆ ನಿಲ್ಲುವ ಕಾರುಗಳೇ. ಬಂಪರ್ ಬಿಚ್ಚಿ, ದೀಪಗಳಿಗೆ ಪಟ್ಟಿ ಅಂಟಿಸಿ, ಬಾಗಿಲ ಮೇಲೆ ಬಿಳಿ ಚಕ್ರದಲ್ಲಿ ನಂಬರು ಬರೆದು ಓಡಿಸಿದ್ದಾರೆ. ನಮ್ಮ ಫಿಯಾಟಿನ ನಂಬರು ಮೂವತ್ತೆರಡು.

ಡಿಸೆಂಬರಿನಲ್ಲಿ ಕಿತ್ತೂರಿನಲ್ಲಿ ಅಜ್ಜಾರ ನೆನಪಿನ ಪುಸ್ತಕ ಬಿಡುಗಡೆ ಮಾಡಬೇಕೆಂದಿದ್ದೇವೆ. ಕಾರುಗಳನ್ನು ನಾನೇ ಗುರುತಿಸಿದ್ದೇನೆ. ಓಡಿಸಿದವರನ್ನು ಗುರುತಿಸುವುದೇ ಕಷ್ಟ, ಎಲ್ಲರ ತಲೆ ಮೇಲೂ ಹೆಲ್ಮೆಟ್ಟು, ಕಣ್ಣಿಗೆ ದಪ್ಪ ಕನ್ನಡಕ. ಫೋಟೋಗಳ ಪ್ರತಿ ಕಳಿಸಿದ್ದೇನೆ. ನನಗೆ ತಿಳಿದಂತೆ ಎರಡು, ಮೂರು, ಆರನೆಯ ಫೋಟೋದಲ್ಲಿ, ಅಂದರೆ ಗೆದ್ದ ಎರಡು ರೇಸುಗಳಲ್ಲಿ, ಓಡಿಸುತ್ತಿರುವವರು ಅಜ್ಜಾರು. ಎಂಟನೆಯದರಲ್ಲಿ ನಿಮ್ಮ ಯಜಮಾನರು. ಒಂಬತ್ತನೆಯದು ಅದೇ ದಿನದ್ದು, ಕಾರು ಹುಲ್ಲಿನ ಪೆಂಡಿಗಳಿಗೆ ನುಗ್ಗಿದ್ದು. ಆ ದುರ್ಘಟನೆಯನ್ನು ಕೆದಕುವ ಉದ್ದೇಶ ನನಗಿಲ್ಲ. ಹೆಸರುಗಳು ಸರಿಯಿರಲಿ ಎಂದಷ್ಟೇ.

ನಿಮ್ಮ
ಮಧು


ರಾಮದುರ್ಗ
೨೫ ಜನವರಿ ೨೦೨೪

ಮಧು ಅವರಿಗೆ,

ಶೆಟ್ಟೆವ್ವನ ಮಗಳು ಸಂಘಮಿತ್ರಾ ಬರೆಯುತ್ತಿದ್ದೇನೆ. ಅವ್ವನಿಗೆ ಓದಲು ಬರುವುದಿಲ್ಲ. ನೀವು ಲಕೋಟೆಯ ಮೇಲೆ ಫೋನ್ ನಂಬರು ಕೊಟ್ಟಿದ್ದೀರಿ, ಆದರೆ ಈ ವಿಷಯ ನಾನು ಬರೆಯುವುದೇ ಒಳ್ಳೆಯದು. ಮಾತಾಡಲು ಹೋದರೆ ದನಿ ಏರುತ್ತದೆ.

ಮೊದಲ ಫೋಟೋದಲ್ಲಿ ಲಾರಿಗೆ ಆತು ನಿಂತ ರುಮಾಲಿನವನು ಅಡಿಗೆಯ ಲಗಮಪ್ಪ. ಅವನ ಪಕ್ಕದಲ್ಲಿ ಟೈರು ಹೊತ್ತವನು ಹನುಮಪ್ಪ, ಸಂಪಗಾಂವದವನು, ನಮ್ಮ ಓಣಿಯವನೇ, ನಿಮ್ಮ ಗಿರಣಿಯಲ್ಲಿ ಹಮಾಲಿ ಮಾಡುತ್ತಿದ್ದ. ಉಳಿದವರು ಗೊತ್ತಿಲ್ಲ.

ಎರಡು, ಮೂರು, ಆರನೆಯ ಫೋಟೋಗಳನ್ನು ಅವ್ವ ಬಹಳ ಹೊತ್ತು ಹಿಡಿದುಕೊಂಡಿದ್ದಳು. ಬಾಗಿಲಿಗೆ ಹೋಗಿ ಬೆಳಕಿಗೆ ಹಿಡಿದಳು. "ಇವ್ರ ನೋಡವಾ, ನಿಮ್ಮಪ್ಪ" ಎಂದಳು. ಎಂಟನೆಯದನ್ನು ಒಮ್ಮೆ ನೋಡಿ ಬೋರಲು ಹಾಕಿದಳು. ಆ ಫೋಟೋವನ್ನು ನೀವೇ ಇನ್ನೊಮ್ಮೆ ನೋಡಿ ಎಂದು ಕೇಳಿಕೊಳ್ಳುತ್ತೇನೆ.

ಸಂಘಮಿತ್ರಾ


ಬೈಲಹೊಂಗಲ
೯ ಫೆಬ್ರವರಿ ೨೦೨೪

ಸಂಘಮಿತ್ರಾ ಅಕ್ಕಾವ್ರಿಗೆ ನಮಸ್ಕಾರ.

ಲಗಮಪ್ಪ, ಹನುಮಪ್ಪ ಇವರ ಹೆಸರು ಸಿಕ್ಕದ್ದು ದೊಡ್ಡ ಉಪಕಾರ. ಹನುಮಪ್ಪನೆಂದರೆ ಕಾರು ಪೆಂಡಿಗಳಿಗೆ ನುಗ್ಗಿದ ಆ ದಿನ ತೀರಿಕೊಂಡವನೇ ಅಲ್ಲವೆ? ಅವನ ಮುಖವನ್ನು ಮೊದಲ ಸಲ ನೋಡಿದೆ.

ಗೆದ್ದ ರೇಸಿನ ಫೋಟೋಗಳಲ್ಲಿ ಅಮ್ಮನವರು ತಮ್ಮ ಯಜಮಾನರನ್ನು ಕಂಡಿದ್ದು ನನಗೆ ಅರ್ಥವಾಗುತ್ತದೆ. ವಯಸ್ಸಾದಮೇಲೆ ಮನಸ್ಸು ತನಗೆ ಬೇಕಾದವರನ್ನೇ ಎಲ್ಲೆಲ್ಲೂ ಕಾಣುತ್ತದೆ. ನಮ್ಮ ಆಯಿ, ಅಜ್ಜಾರ ಹೆಂಡತಿ ದೇವಕ್ಕನೂ ಹಾಗೇ, ಅಜ್ಜಾರ ದನಿ ಕೇಳಿಸಿತು ಅಂತ ಎದ್ದು ಕೂರುತ್ತಾಳೆ. ಆದರೆ ಕಪ್ಪಿನ ಮೇಲೆ ಅಜ್ಜಾರ ಹೆಸರಿದೆ. ಹೆಲ್ಮೆಟ್ಟಿನೊಳಗಿನ ಮುಖ ಯಾರಿಗೆ ಕಾಣುತ್ತದೆ? ಎಂಟನೆಯ ಫೋಟೋ ನೋಡಲು ಅವರಿಗೆ ಸಂಕಟವಾದದ್ದು ಸಹಜ. ಕಳಿಸಿದ್ದಕ್ಕೆ ಕ್ಷಮೆಯಿರಲಿ.

ನಮ್ಮ ತಂದೆ ವಿರೂಪಾಕ್ಷಪ್ಪನವರಿಗೆ ನಿಮ್ಮ ಪತ್ರ ತೋರಿಸಿದೆ. ನಮ್ಮ ಮನೆತನದ ಸೇವೆ ಮಾಡಿದವರ ಕುಟುಂಬಕ್ಕೆ ಕಿತ್ತೂರಿನ ಸಮಾರಂಭದಲ್ಲಿ ಶಾಲು ಹೊದಿಸಿ ಸತ್ಕಾರ ಮಾಡೋಣವೆಂದರು. ಕಾರು ಕಳಿಸುತ್ತೇವೆ, ದಯವಿಟ್ಟು ಅಮ್ಮನವರನ್ನು ಕರೆತನ್ನಿ.

ನಿಮ್ಮ ತಮ್ಮನಂತಿರುವ
ಮಧು


ರಾಮದುರ್ಗ
೨೦ ಫೆಬ್ರವರಿ ೨೦೨೪

ಮಧು ಅವರಿಗೆ,

ನಿಮ್ಮ ಪತ್ರವನ್ನು ಅವ್ವನಿಗೆ ಓದಿ ಹೇಳಿದೆ. 'ಸೇವೆ' ಎಂಬಲ್ಲಿ ಬಿಟ್ಟು ಮುಂದೆ ಓದಿದೆ. ಶಾಲಿನ ಮಾತನ್ನೂ ಹೇಳಲಿಲ್ಲ.

ಭರಮಪ್ಪನವರು ಆಮೇಲೆ ಏನಾದರು ಎಂದು ನೀವು ಎರಡು ಪತ್ರದಲ್ಲೂ ಕೇಳಿಲ್ಲ. ನಾನೇ ಹೇಳುತ್ತೇನೆ. ಹನುಮಪ್ಪನನ್ನು ಕೊಂದ ಆರೋಪದ ಮೇಲೆ ಅಪ್ಪ ಎರಡು ವರ್ಷ ಜೈಲಿನಲ್ಲಿದ್ದ. ಲೈಸೆನ್ಸು ಹೋಯಿತು. ನಾನು ಆಗ ಎರಡು ವರ್ಷದವಳು. ಹನುಮಪ್ಪನ ಹೆಂಡತಿ ಮುದಕವ್ವ ದಿನಾ ಬೆಳಗ್ಗೆ ನಮ್ಮ ಬಾಗಿಲಿಗೆ ಬಂದು ಮಣ್ಣು ತೂರಿ ಶಾಪ ಹಾಕುತ್ತಿದ್ದಳಂತೆ. ಅವ್ವ ಒಂದು ಗಂಟು ಬಟ್ಟೆ, ನನ್ನನ್ನು ಎತ್ತಿಕೊಂಡು ರಾಮದುರ್ಗಕ್ಕೆ ಬಂದಳು. ಅಪ್ಪ ಹೊರಗೆ ಬಂದಮೇಲೆ ಇಲ್ಲಿಯ ಪೇಟೆಯಲ್ಲಿ ಚೀಲ ಹೊತ್ತ. ಮತ್ತೆ ಸ್ಟೇರಿಂಗ್ ಮುಟ್ಟಲಿಲ್ಲ. ನಾನು ಕಾರು ಓಡಿಸಲು ಕಲಿತದ್ದು ಬೇರೆಯವರ ಹತ್ತಿರ. ಕಲಿತು ಬಂದು ಹೇಳಿದ ದಿನ ಅವನು ಉಣ್ಣುತ್ತಿದ್ದ ತಾಟು ಬಿಟ್ಟು ಎದ್ದುಹೋದ. ಈಗ ನಾನು ಇದೇ ಊರಲ್ಲಿ ಡ್ರೈವಿಂಗ್ ಸ್ಕೂಲ್ ನಡೆಸುತ್ತೇನೆ. ಅದನ್ನು ನೋಡಲು ಅವನು ಉಳಿಯಲಿಲ್ಲ.

ಹೆಲ್ಮೆಟ್ಟಿನೊಳಗೆ ಮುಖ ಕಾಣುವುದಿಲ್ಲ ಎಂದಿರಿ. ಅದನ್ನು ಅವ್ವನಿಗೆ ಹೇಳಿದೆ. ಅವಳು ನಕ್ಕಳು. "ಮಾರಿ ಯಾರ ನೋಡ್ಯಾರ? ಅವ್ರ ಉದ್ದ ಆಳು. ಆ ಗಾಡ್ಯಾಗ ತಲಿ ಹಿಡೀತಿದ್ದಿಲ್ಲ, ಕುತ್ತಿಗಿ ಸೊಟ್ಟ ಮಾಡಿ ಕುಂಡ್ರತಿದ್ರು. ಮನಿಗೆ ಬಂದ್ರ ನಾ ಎಣ್ಣಿ ಹಚ್ಚಿ ತಿಕ್ಕತಿದ್ನಿ. ಆ ಕುತ್ತಿಗಿ ನಾ ಗುರ್ತ ಹಿಡೀಲಿಲ್ಲಂದ್ರ ಮತ್ಯಾರ ಹಿಡೀತಾರ?"

ಇಷ್ಟೇ ಹೇಳುವುದು. ಕಾರುಗಳನ್ನು ಗುರುತಿಸುವುದು ನಿಮಗೆ ಬರುತ್ತದೆಂದು ಬರೆದಿದ್ದೀರಿ. ಮನುಷ್ಯರನ್ನೂ ಅಳೆದು ನೋಡಿ.

ಸಂಘಮಿತ್ರಾ


ಬೈಲಹೊಂಗಲ
೧೬ ಮಾರ್ಚ್ ೨೦೨೪

ಅಕ್ಕಾವ್ರೆ,

ಅಮ್ಮನವರು ಹೇಳಿದ್ದು ನಿಜ! ಪೂರಾ ನಿಜ!

ನಿಮ್ಮ ಪತ್ರ ಓದಿ ನನಗೆ ನಾಚಿಕೆಯಾಯಿತು. ಅಪ್ಪನವರ ಬಗ್ಗೆ ನಾನು ಕೇಳಲೇ ಇಲ್ಲ. ಆದ್ದರಿಂದ ಈ ಸಲ ಸುಮ್ಮನೆ ಬರೆಯಬಾರದು ಎಂದುಕೊಂಡು ಕೆಲಸಕ್ಕೆ ಇಳಿದೆ. ಸವದತ್ತಿಯಲ್ಲಿ ಒಬ್ಬರ ಹತ್ತಿರ ಅದೇ ಮಾದರಿಯ ಡುಕ್ಕರ್ ಫಿಯಾಟ್ ಇದೆ. ಅದರ ಮುಂದಿನ ಸೀಟು ಒಂದೇ ಉದ್ದನೆಯ ಬೆಂಚು, ಎತ್ತರ ಹೆಚ್ಚುಕಡಿಮೆ ಮಾಡಲು ಬರುವುದಿಲ್ಲ. ಫೋಟೋದಲ್ಲಿ ಇರುವ ಕೋನದಲ್ಲೇ ಕಾರು ನಿಲ್ಲಿಸಿ, ಎತ್ತರದವರು, ನಡುಮಟ್ಟದವರು, ಗಿಡ್ಡರು, ಹೀಗೆ ಗೆಳೆಯರನ್ನು ಒಬ್ಬೊಬ್ಬರಾಗಿ ಹೆಲ್ಮೆಟ್ಟು ಹಾಕಿಸಿ ಕೂರಿಸಿ ಫೋಟೋ ತೆಗೆದೆ. ಹಳೆಯ ಫೋಟೋಗಳ ಪಕ್ಕ ಇಟ್ಟು ನೋಡಿದೆ. ಎರಡು, ಮೂರು, ಆರರಲ್ಲಿ ಹೆಲ್ಮೆಟ್ಟು ಕಿಟಕಿಯ ಮೇಲಿನ ಅಂಚಿಗಿಂತ ಮೇಲೆ ಹೋಗಿದೆ, ಕುತ್ತಿಗೆ ಎಡಕ್ಕೆ ವಾಲಿದೆ. ಆರಡಿ ಹತ್ತಿರದ ಆಳು ಕೂತರೆ ಮಾತ್ರ ಹಾಗೆ ಬರುತ್ತದೆ. ಅವರೇ ನಿಮ್ಮ ತಂದೆ. ಗೆದ್ದವರು ಅವರು! ಅಜ್ಜಾರು ಕಾರಿನ ಮಾಲೀಕರಾಗಿ ಕಪ್ಪು ಪಡೆದಿರಬೇಕು, ಆಗಿನ ರೂಢಿ ಹಾಗಿದ್ದೀತು.

ಇನ್ನು ಎಂಟನೆಯ ಫೋಟೋ. ಅದರಲ್ಲಿ ಹೆಲ್ಮೆಟ್ಟು ಕಿಟಕಿಯ ಅರ್ಧಕ್ಕಿದೆ. ಕೂತವನು ಗಿಡ್ಡ. ಕೆಳಗೆ ದಿಂಬು ಇಟ್ಟುಕೊಂಡಂತೆ ಕಾಣುತ್ತದೆ, ಆದರೂ ಸ್ಟೇರಿಂಗಿನ ಮೇಲೆ ಗದ್ದವಷ್ಟೇ ಬಂದಿದೆ. ಅಕ್ಕಾವ್ರೆ, ಆ ದಿನ ಕಾರಿನಲ್ಲಿ ಇದ್ದವರು ನಿಮ್ಮ ತಂದೆ ಅಲ್ಲ! ಯಾರೋ ಮೂರನೆಯವರು ಓಡಿಸಿ, ತಪ್ಪನ್ನು ಅವರ ತಲೆಗೆ ಕಟ್ಟಿದ್ದಾರೆ. ಅಜ್ಜಾರಿಗೂ ಇದು ಗೊತ್ತಿರಲಿಕ್ಕಿಲ್ಲ, ಗೊತ್ತಿದ್ದರೆ ಸುಮ್ಮನಿರುವವರಲ್ಲ.

ಇದನ್ನು ಪುಸ್ತಕದಲ್ಲಿ ನಾನೇ ಬರೆಯುತ್ತೇನೆ, ಮಾತು ಕೊಡುತ್ತೇನೆ. ಆ ಗಿಡ್ಡ ಮನುಷ್ಯ ಯಾರೆಂದು ಅಮ್ಮನವರಿಗೆ ಗೊತ್ತಿರಬಹುದು. ಕೇಳಿ ತಿಳಿಸುತ್ತೀರಾ?

ನಿಮ್ಮ ತಮ್ಮ
ಮಧು


ರಾಮದುರ್ಗ
೨೨ ಮಾರ್ಚ್ ೨೦೨೪

ಮಧು,

ನಿಮ್ಮ ಪಡಸಾಲೆಯಲ್ಲಿ ಅಜ್ಜಾರ ಮದುವೆಯ ಫೋಟೋ ಇರಬೇಕು. ದೇವಕ್ಕನವರ ಪಕ್ಕದಲ್ಲಿ ನಿಂತವರು ಎಷ್ಟು ಎತ್ತರ ಇದ್ದಾರೆ, ನೋಡಿ.

ಅಪ್ಪ ಅವ್ವನೊಬ್ಬಳಿಗೇ ಹೇಳಿದ್ದ. ಅವ್ವ ನನಗೆ ಹೇಳಿದ್ದು ಅವನನ್ನು ಮಣ್ಣು ಮಾಡಿ ಬಂದಮೇಲೆ. ಆ ದಿನ ನಿಮ್ಮ ಅಜ್ಜಾರ ಬೀಗರು ರೇಸು ನೋಡಲು ಬಂದಿದ್ದರು. "ಭರಮ್ಯಾ, ಇಳಿ, ಇವತ್ತ ನಾ ಓಡಸ್ತೇನಿ" ಎಂದು ನಿಮ್ಮ ಅಜ್ಜಾರು ಅಪ್ಪನಿಂದ ಹೆಲ್ಮೆಟ್ಟು ಇಸಿದುಕೊಂಡರು. ರೇಸು ನಡೆಯುತ್ತಿದ್ದ ಹಳೆಯ ವಿಮಾನಪಟ್ಟಿಯ ಕೊನೆಯಲ್ಲಿ ತಿರುವು. ಕಾರು ತಿರುಗಲಿಲ್ಲ. ಪೆಂಡಿಗಳ ಹಿಂದೆ ನಿಂತು ಹನುಮಪ್ಪ ಸಾಹುಕಾರರಿಗೆ ಕೈ ಬೀಸುತ್ತಿದ್ದನಂತೆ. ಮೊದಲು ಓಡಿಹೋದವನು ಅಪ್ಪ. ಸಾಹುಕಾರರನ್ನು ಎಳೆದು ಹೊರಗೆ ಹಾಕಿ, ಹನುಮಪ್ಪನನ್ನು ತೊಡೆಯ ಮೇಲೆ ಮಲಗಿಸಿಕೊಂಡ. ಧೂಳಿನಲ್ಲಿ ಮಂದಿ ಬರುವಷ್ಟರಲ್ಲಿ ನಿಮ್ಮ ಅಜ್ಜಾರು ಹೆಲ್ಮೆಟ್ಟು ತೆಗೆದು ಅಪ್ಪನ ಪಕ್ಕದಲ್ಲಿಟ್ಟರು. "ನನಗ ಹೆಸರೈತಿ ಭರಮ್ಯಾ. ನಿನಗೇನೈತಿ ಹೋಗಾಕ? ಮೂರು ತಿಂಗಳ ಮಾತು. ನಿನ್ನ ಹೆಂಡ್ರು ಮಕ್ಕಳನ್ನ ನಾ ನೋಡ್ಕೊಂತೇನಿ" ಎಂದರು.

ಅಪ್ಪ ಯಾಕೆ ಒಪ್ಪಿದ ಎಂದು ಕೇಳಬೇಡಿ. ನಾವಿದ್ದ ಮನೆ ನಿಮ್ಮದು, ಹಿಡಿದ ಸ್ಟೇರಿಂಗ್ ನಿಮ್ಮದು. ರೇಸು ಗೆದ್ದ ರಾತ್ರಿಗಳಲ್ಲಿ ನಿಮ್ಮವರು ಒಳಗೆ ಊಟಕ್ಕೆ ಕೂತರೆ ಅವನಿಗೆ ಲಾರಿಯ ಹತ್ತಿರ ಎಲೆ ತಂದು ಹಾಕುತ್ತಿದ್ದರು. ಅಂಥವನು ಪೊಲೀಸರ ಮುಂದೆ ಸಾಹುಕಾರರೇ ಓಡಿಸಿದರು ಎಂದರೆ ಯಾರು ನಂಬುತ್ತಿದ್ದರು?

ನೀವಾಗಿಯೇ ಅಳೆದಿರಿ. ನೀವಾಗಿಯೇ ಕಂಡಿರಿ. ಹೆಸರು ಮಾತ್ರ ನನ್ನನ್ನು ಕೇಳಿದಿರಿ, ಹೇಳಿದ್ದೇನೆ.

ಸಂಘಮಿತ್ರಾ


ರಾಮದುರ್ಗ
೩೦ ಜೂನ್ ೨೦೨೪

ಮಧು ಅವರಿಗೆ,

ನಿಮ್ಮಿಂದ ಪತ್ರ ಬಂದಿಲ್ಲ. ಮಳೆಗಾಲ ಶುರುವಾದಾಗಿನಿಂದ ಅವ್ವನಿಗೆ ಉಸಿರಾಟ ಕಷ್ಟವಾಗಿದೆ. ದಿನಾ ಟಪಾಲಿನವನ ಸೈಕಲ್ ಸಪ್ಪಳಕ್ಕೆ ಹೊರಗೆ ಬಂದು ನಿಲ್ಲುತ್ತಾಳೆ.

ಅವಳು ನಿಮಗೆ ಒಂದು ಮಾತು ಬರೆ ಎಂದಳು. ಅವಳ ಬಾಯಿಯಿಂದ ಬಂದ ಹಾಗೇ ಬರೆಯುತ್ತಿದ್ದೇನೆ: "ಗೆದ್ದದ್ದ ಅವರ ಇಟ್ಟಕೊಳ್ಳಲಿ, ನಮಗ ಬ್ಯಾಡ. ಕೊಂದದ್ದಷ್ಟ ವಾಪಸ್ ತಗೊಳ್ಳಲಿ."

ಮುದಕವ್ವ ಇನ್ನೂ ಸಂಪಗಾಂವದಲ್ಲಿದ್ದಾಳೆ. ತನ್ನ ಗಂಡನನ್ನು ಕೊಂದವನು ಭರಮಪ್ಪ ಎಂದುಕೊಂಡೇ ಅವಳು ಸಾಯಬಾರದು, ಅವಳಿಗೆ ನಿಜ ತಿಳಿಯುವ ಮೊದಲು ತಾನೂ ಸಾಯಬಾರದು ಎನ್ನುವುದು ಅವ್ವನ ಆಸೆ. ನಾವು ಹೇಳಿದರೆ ನಮ್ಮ ಮಾತು. ನಿಮ್ಮ ಮನೆಯ ಪುಸ್ತಕದಲ್ಲಿ ಒಂದು ಸಾಲು ಬಂದರೆ ಅದು ಬೇರೆ. ಎಂಟನೆಯ ಫೋಟೋದ ಕೆಳಗೆ ಒಂದೇ ಹೆಸರು.

ಸಂಘಮಿತ್ರಾ


ಬೈಲಹೊಂಗಲ
೧೮ ಜುಲೈ ೨೦೨೪

ಶ್ರೀಮತಿ ಸಂಘಮಿತ್ರಾ ಅವರಿಗೆ ನಮಸ್ಕಾರಗಳು.

ಉತ್ತರ ತಡವಾಯಿತು. ನಿಮ್ಮ ತಾಯಿಯವರ ಆರೋಗ್ಯ ಸುಧಾರಿಸಲೆಂದು ಹಾರೈಸುತ್ತೇನೆ.

ನಿಮ್ಮ ಮಾರ್ಚಿನ ಪತ್ರವನ್ನು ನಾನು ಬಹಳ ದಿನ ಯಾರಿಗೂ ತೋರಿಸಲಿಲ್ಲ. ಕೊನೆಗೆ ಆಯಿಗೆ ಓದಿ ಹೇಳಿದೆ. ಆಕೆ ಅಳುತ್ತಾಳೆ, ಇಲ್ಲ ಬೈಯುತ್ತಾಳೆ ಎಂದುಕೊಂಡಿದ್ದೆ. ಎಲೆಗೆ ಸುಣ್ಣ ಹಚ್ಚುತ್ತ, "ಮನಿ ತುಂಬ ಗೊತ್ತಿದ್ದದ್ದನ್ನ ನೀ ಯಾಕಪಾ ಹೊಸದಾಗಿ ಹುಡುಕಾಕ ಹತ್ತಿ?" ಎಂದಳು. ಆಮೇಲೆ ನಮ್ಮ ತಂದೆಯವರೂ ಕೂತು ಮಾತಾಡಿದರು.

ಕಿತ್ತೂರಿನ ಸಭಾಭವನಕ್ಕೆ ಅಜ್ಜಾರ ಹೆಸರಿಡುವುದೆಂದು ತೀರ್ಮಾನವಾಗಿದೆ. ಸ್ವಾಮಿಗಳು, ಊರ ಹಿರಿಯರು ಬರುತ್ತಾರೆ. ಸತ್ತವರ ಮೇಲೆ ಈಗ ಇಂಥ ಮಾತು ಬಂದರೆ ಅವರು ಎದ್ದು ಬಂದು ಉತ್ತರ ಕೊಡಲಾರರು. ಒಂದು ಹೆಲ್ಮೆಟ್ಟಿನ ಎತ್ತರ ನೋಡಿ ಒಬ್ಬರ ಜೀವಮಾನವನ್ನು ಅಳೆಯಲು ಆಗುವುದಿಲ್ಲ ಎಂದು ತಂದೆಯವರ ಅಭಿಪ್ರಾಯ. ನನಗೂ ಈಗ ಹಾಗನ್ನಿಸುತ್ತಿದೆ.

ಆದರೂ ನಾನು ಹಟ ಹಿಡಿದು ಒಂದನ್ನು ಒಪ್ಪಿಸಿದ್ದೇನೆ. ಎರಡು, ಮೂರು, ಆರನೆಯ ಫೋಟೋಗಳ ಕೆಳಗೆ ಭರಮಪ್ಪನವರ ಹೆಸರು ಹಾಕುತ್ತೇವೆ. ಎಂಟು, ಒಂಬತ್ತನ್ನು ಬಿಟ್ಟುಬಿಡುತ್ತೇವೆ. ಇದರಿಂದ ಎರಡೂ ಮನೆಗೆ ಗೌರವ. ನೀವು ಮುಂದೆ ಈ ವಿಷಯ ಎತ್ತುವುದಿಲ್ಲ ಎಂದು ಒಂದು ಮಾತು ಬರೆದು ಕಳಿಸಿದರೆ ಸಾಕು.

ಇತಿ,
ಮಧು


ರಾಮದುರ್ಗ
೨೮ ಜುಲೈ ೨೦೨೪

ಮಧು ಅವರಿಗೆ,

ನಿಮ್ಮ ಪತ್ರವನ್ನು ಈ ಸಲ ಏನನ್ನೂ ಬಿಡದೆ ಓದಿ ಹೇಳಿದೆ. ಅವ್ವ ಕೇಳಿದಳು, "ಬ್ಯಾಡಂದದ್ದನ್ನ ಕೊಡತಾರ, ಕೇಳಿದ್ದನ್ನ ಕೊಡಂಗಿಲ್ಲ. ಇದಕ್ಕ ನಾವ ಮಾತ ಬ್ಯಾರೆ ಕೊಡಬೇಕ?"

ಕೊಡುವುದಿಲ್ಲ.

ಮಾರ್ಚಿನಲ್ಲಿ ಎತ್ತರ ಅಳೆದು ಮಾತು ಕೊಟ್ಟವರು ನೀವೇ. ಗಿಡ್ಡ ಮನುಷ್ಯ ಬೇರೆ ಯಾರೋ ಆಗಿದ್ದಾಗ ಆ ಅಳತೆ ಸಾಕಷ್ಟು ಗಟ್ಟಿಯಾಗಿತ್ತು. ಸತ್ತವರು ಎದ್ದು ಬಂದು ಉತ್ತರ ಕೊಡಲಾರರು ಎಂದಿರಿ. ನನ್ನ ಅಪ್ಪನೂ ಸತ್ತಿದ್ದಾನೆ. ಬದುಕಿದ್ದಾಗಲೂ ಅವನನ್ನು ಯಾರೂ ಕೇಳಲಿಲ್ಲ.

ಸಂಘಮಿತ್ರಾ


ಬೈಲಹೊಂಗಲ
೫ ಡಿಸೆಂಬರ್ ೨೦೨೪

ಸಂಘಮಿತ್ರಾ ಅವರಿಗೆ,

ಪುಸ್ತಕದ ಒಂದು ಪ್ರತಿಯನ್ನು ಇದರೊಡನೆ ಕಳಿಸಿದ್ದೇನೆ. ಆಮಂತ್ರಣ ಪತ್ರಿಕೆಯೂ ಇದೆ. ಮೂಲ ಫೋಟೋಗಳು ಈಗ ತಂದೆಯವರ ವಶದಲ್ಲಿವೆ, ಆದ್ದರಿಂದ ಇನ್ನು ಮುಂದೆ ಈ ಬಗ್ಗೆ ನನಗೆ ಏನೂ ಮಾಡಲಾಗದು.

ಮಧು


ರಾಮದುರ್ಗ
೨೯ ಡಿಸೆಂಬರ್ ೨೦೨೪

ಮಧು,

ಪುಸ್ತಕ ನೋಡಿದೆ. ಒಳ್ಳೆಯ ಕಾಗದ. ಪ್ರತಿ ಕಾರಿನ ಮಾದರಿ, ವರ್ಷ, ಎಂಜಿನ್ನಿನ ಶಕ್ತಿ ಎಲ್ಲ ಬರೆದಿದ್ದೀರಿ. ಅಡಿಗೆಯ ಲಗಮಪ್ಪನ ಹೆಸರೂ ಇದೆ. ಅವನ ಪಕ್ಕದಲ್ಲಿ ಟೈರು ಹೊತ್ತವನನ್ನು ಅಂಚಿನಲ್ಲಿ ಕತ್ತರಿಸಿದ್ದೀರಿ. ಮೂರನೆಯ ಫೋಟೋಗೆ ಎರಡು ಪುಟ ಕೊಟ್ಟಿದ್ದೀರಿ. ಅಪ್ಪ ಸೊಟ್ಟ ಕುತ್ತಿಗೆಯಲ್ಲಿ, ಒಂದು ಗಾಲಿ ನೆಲ ಬಿಟ್ಟ ಫಿಯಾಟನ್ನು ತಿರುವಿನಲ್ಲಿ ಹಿಡಿದಿದ್ದಾನೆ. ಕೆಳಗೆ ಹೀಗಿದೆ: 'ನಿಜಗುಣಪ್ಪನವರ ವಿಜಯಿ ಫಿಯಾಟ್, ನಂಬರು ೩೨. ಚಾಲಕರ ಗುರುತು ಸಿಕ್ಕಿಲ್ಲ.'

ಅಜ್ಜಾರ ಹೆಸರನ್ನೇ ಹಾಕಿದ್ದರೆ ನಾನು ಇಷ್ಟು ನೋಯುತ್ತಿರಲಿಲ್ಲ. ಅದು ಹಳೆಯ ಸುಳ್ಳು, ನೀವು ಹುಟ್ಟುವ ಮೊದಲಿನದು. ಇದು ನೀವೇ ಕೂತು ಬರೆದದ್ದು.

ಕಿತ್ತೂರಿಗೆ ನಾವು ಬರಲಿಲ್ಲ. ಅದೇ ದಿನ ಅವ್ವ ಸಂಪಗಾಂವಕ್ಕೆ ಹೋಗೋಣ ಎಂದಳು. ಊರು ಬಿಟ್ಟಮೇಲೆ ಅವಳು ಆ ಕಡೆ ಕಾಲಿಟ್ಟಿರಲಿಲ್ಲ. ನನ್ನ ಸ್ಕೂಲಿನ ಕಾರಿನಲ್ಲಿ ಕರೆದುಕೊಂಡು ಹೋದೆ. ನೀವು ಜನವರಿಯಲ್ಲಿ ಕಳಿಸಿದ ಮೂರನೆಯ, ಎಂಟನೆಯ ಪ್ರತಿಗಳನ್ನು ಅವ್ವ ಸೆರಗಿನಲ್ಲಿ ಸುತ್ತಿ ತೊಡೆಯ ಮೇಲೆ ಇಟ್ಟುಕೊಂಡಿದ್ದಳು. ಹೇಗೆ ಶುರು ಮಾಡಬೇಕು ಎಂದು ದಾರಿಯುದ್ದಕ್ಕೂ ನನ್ನನ್ನು ಕೇಳುತ್ತಿದ್ದಳು. "ಮೊದಲ ಆರಾಮ ಅದೀಯೇನ ಅಂತ ಕೇಳಲೇನ? ಕೇಳಿದ್ರ ಮಾತಾಡಸ್ತಾಳೇನ?"

ಮುದಕವ್ವ ಕಟ್ಟೆಯ ಮೇಲೆ ಬಿಸಿಲಿಗೆ ಕೂತಿದ್ದಳು. ನಮ್ಮನ್ನು ಗುರುತಿಸಲು ಸ್ವಲ್ಪ ಹೊತ್ತು ಹಿಡಿಯಿತು. ಗುರುತಿಸಿದ ಮೇಲೆ ಎದ್ದು ಒಳಗೆ ಹೋಗಲಿಲ್ಲ, ಬೈಯಲೂ ಇಲ್ಲ. ಕಂಬಳಿಯ ತುದಿ ಸರಿಸಿ ಜಾಗ ಮಾಡಿದಳು. ಅವ್ವ ಫೋಟೋಗಳನ್ನು ಬಿಚ್ಚಿದಳು. ಎರಡನ್ನೂ ಅವಳ ಮುಂದೆ ಇಟ್ಟು, "ನೋಡ ಮುದಕವ್ವ, ಇವ್ರ ನಮ್ಮವ್ರು. ಇವ ನಿನ್ನ ಗಂಡನ್ನ ಹಾಯಿಸಿದಾಂವ. ಇಬ್ರೂ ಬ್ಯಾರೆ ಅದಾರ. ನೋಡ, ತಲಿ ನೋಡ" ಎಂದಳು.

ಮುದಕವ್ವ ನೋಡಲಿಲ್ಲ. "ತಗದಿಡ ಶೆಟ್ಟೆವ್ವ" ಎಂದಳು. "ನನಗ ಗೊತ್ತೈತಿ."

ಯಾವಾಗಿನಿಂದ ಎಂದು ನಾನು ಕೇಳಿದೆ.

"ಹೆಣಾ ತಂದ ಲಾರಿಯವರ ಹೇಳಿದ್ರವಾ, ಸಾಹುಕಾರ ಓಡಿಸಿದ್ದ ಅಂತ. ಮಣ್ಣ ಮಾಡೂಕಿಂತ ಮೊದಲ ಗೊತ್ತಾತು."

"ಮತ್ತ ನಮ್ಮ ಬಾಗಲಿಗೆ ಯಾಕ ಬರತಿದ್ದಿ?" ಅವ್ವನ ದನಿ ನನಗೇ ಸರಿಯಾಗಿ ಕೇಳಿಸಲಿಲ್ಲ.

"ನನ್ನ ಮಗ ಪರಶೂನ ಸಾಹುಕಾರ್ರು ಗಿರಣ್ಯಾಗ ಕೆಲಸಕ್ಕ ಇಟ್ಟಕೊಂಡಿದ್ರು. ಅವರ ಬಾಗಲಿಗೆ ಹೋಗಿ ಮಣ್ಣ ತೂರಿದ್ರ ಮಗನ ಹೊಟ್ಟಿಗೇನ ಹಾಕಲಿ? ಸಿಟ್ಟಂತೂ ಇತ್ತು. ಎಲ್ಲೆರ ಹಾಕಬೇಕಾಗಿತ್ತು." ಕಂಬಳಿಯ ಅಂಚು ಎಳೆದುಕೊಂಡು ಹೇಳಿದಳು, "ನಿನ್ನ ಬಾಗಲಾ ಹತ್ತರ ಇತ್ತು."

ಅವಳು ಅಳಲಿಲ್ಲ, ತಪ್ಪಾಯಿತು ಎನ್ನಲೂ ಇಲ್ಲ. ಒಳಗಿನಿಂದ ಸೊಸೆ ಚಾ ತಂದಳು. ನಾನು ಮುಟ್ಟಲಿಲ್ಲ. ಅವ್ವ ಮಾತ್ರ ಪೂರಾ ಕುಡಿದು, ಕಪ್ಪು ಕೆಳಗಿಟ್ಟು, ಫೋಟೋಗಳನ್ನು ಅಲ್ಲಿಯೇ ಬಿಟ್ಟು ಎದ್ದಳು.

ಸವದತ್ತಿ ದಾಟಿದ ಮೇಲೆ ಅವ್ವ ರಸ್ತೆಯನ್ನೇ ನೋಡುತ್ತ ಕೇಳಿದಳು: "ಅವರ ಮನ್ಯಾಗ ಎಲ್ಲಾರಿಗೂ ಗೊತ್ತಿತ್ತಂತ. ಲಾರಿಯವರಿಗೂ ಗೊತ್ತಿತ್ತು. ಅಕಿಗೂ ಗೊತ್ತಿತ್ತು. ಹಂಗಾರ ನಿಮ್ಮಪ್ಪ ಯಾರ ಮುಂದ ಜೀವನಪೂರ್ತಿ ತಲಿ ತಗ್ಗಿಸಿ ತಿರಗ್ಯಾಡಿದಾ?"

ಗಾಡಿ ಓಡಿಸುತ್ತಿದ್ದೆ, ತಿರುಗಿ ಅವಳ ಮುಖ ನೋಡಲಾಗಲಿಲ್ಲ.

ಸಂಘಮಿತ್ರಾ